ಅವನು ಬಂದಾಗ ಮಾತ್ರ ಸರಿಹೋಗುವ ಕೀಬೋರ್ಡು

"ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?"

ಬಾಗಿಲಲ್ಲಿ ನಿಂತವನ ಮೊದಲ ಮಾತೇ ಇದು! ಅವಳಿಗೆ ಪಿತ್ತ ನೆತ್ತಿಗೇರಿತು.

"ಬೆಳಗ್ಗೆಯಿಂದ ಅದೇ ಮಾಡ್ತಿದೀನಿ ರೀ. ಇನ್ನು ಆಫ್ ಆಗೋಕೆ ಉಳಿದಿರೋದು ನಾನೊಬ್ಳೇ!"

ಅವನು ನಗಲಿಲ್ಲ. ಆದರೆ ನಗು ತಡೆಯಲು ಪಟ್ಟ ಪಾಡು ಮುಖದ ಮೇಲೆ ಚೆನ್ನಾಗಿಯೇ ಕಂಡಿತು. ಅದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು.

ಅವನು ಇಂಟರ್ನೆಟ್ ಕಂಪನಿಯ ಟೆಕ್ನಿಷಿಯನ್. ಅವಳು ಮನೆಯಲ್ಲೇ ಕೂತು ದುಡಿಯುವವಳು. ಕಿವಿ ಕೇಳದ ಮಕ್ಕಳ ಆನ್‌ಲೈನ್ ತರಗತಿಯಲ್ಲಿ ಮೇಷ್ಟ್ರು ಆಡುವ ಪ್ರತಿ ಮಾತನ್ನೂ ಆಗಿಂದಾಗಲೇ ಟೈಪ್ ಮಾಡಿ ಪರದೆಯ ಮೇಲೆ ತೋರಿಸುವುದು ಅವಳ ಕೆಲಸ. ಅವಳ ಬೆರಳು ನಿಂತರೆ ಆ ಮಕ್ಕಳ ಪಾಠವೇ ನಿಂತಂತೆ.

ಬೆರಳೇನೋ ನಿಲ್ಲುತ್ತಿರಲಿಲ್ಲ. ವೈರ್‌ಲೆಸ್ ಕೀಬೋರ್ಡು ಅಕ್ಷರ ನುಂಗುತ್ತಿತ್ತು! ಮೇಷ್ಟ್ರು 'ರಕ್ತನಾಳ' ಎಂದರೆ ಪರದೆಯ ಮೇಲೆ 'ರಕನಾ' ಎಂದು ಬರುತ್ತಿತ್ತು. ಅದೂ ಬಂದರೆ ಪುಣ್ಯ, ಏಕೆಂದರೆ ಅಷ್ಟರಲ್ಲಿ ವೈಫೈ ಕೈಕೊಡುತ್ತಿತ್ತು.

"ಹೀಗೇ ಆದ್ರೆ ತರಗತಿನ ಬೇರೆಯವರಿಗೆ ಕೊಡ್ಬೇಕಾಗುತ್ತಮ್ಮ," ಎಂದು ಮೇಲ್ವಿಚಾರಕಿ ಹೇಳಿ ಆಗಿತ್ತು.

ಅವನು ಮನೆಯೆಲ್ಲ ಹುಡುಕಿ ರೂಟರನ್ನು ಕಬ್ಬಿಣದ ಬೀರುವಿನ ಹಿಂದಿನಿಂದ ಹೊರತೆಗೆದ.

"ಧೂಳು ಕೂರ್ಬಾರ್ದು ಅಂತ ನಾನೇ ಇಟ್ಟಿದ್ದೆ," ಎಂದರು ಅವಳ ಅತ್ತಿಗೆ.

"ಅಕ್ಕಾ, ಇದೇನು ಬಂಗಾರನಾ ಬಚ್ಚಿಡೋಕೆ? ಬೀರು ದಾಟಿ ಸಿಗ್ನಲ್ ಹೇಗೆ ಬರ್ಬೇಕು ಪಾಪ!"

ರೂಟರನ್ನು ಗೋಡೆಯ ಮೇಲೆ ಕೂರಿಸಿ, ತನ್ನ ಕೆಲಸವಲ್ಲದಿದ್ದರೂ ಕೀಬೋರ್ಡಿಗೆ ಹೊಸ ಸೆಲ್ಲು ಹಾಕಲು ಬಂದವನು ಅವಳ ಟೇಬಲ್ ನೋಡಿ ನಿಂತುಬಿಟ್ಟ. ಕಾಫಿ ಲೋಟದಲ್ಲಿ ಬಾಚಣಿಗೆ, ಕಂಪ್ಯೂಟರಿನ ತಲೆಯ ಮೇಲೆ ಕಾಲುಚೀಲ, ಎಲ್ಲೆಲ್ಲೂ ಹೆಣೆದುಕೊಂಡ ವಯರುಗಳು, ನಡುವೆ ಬಿಸ್ಕತ್ತಿನ ಪುಡಿ...

"ಇಲ್ಲಿ ಕೀಬೋರ್ಡ್ ಹುಡುಕೋದೇ ಅರ್ಧ ಕೆಲಸ ಬಿಡಿ!" ಈ ಸಲ ಅವನು ನಕ್ಕೇಬಿಟ್ಟ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಅವನು ಹೋದ ಮೇಲೂ ಆ ನಗು ಮಾತ್ರ ಕಿವಿಯಲ್ಲೇ ಉಳಿದುಕೊಂಡಿತು.

ಮಾರನೆಯ ದಿನ ಮತ್ತೆ ಅಕ್ಷರ ಮಾಯ! ದೂರು ಕೊಟ್ಟಳು. "ಅರ್ಧ ಗಂಟೇಲಿ ಬರ್ತೀನಿ ಮೇಡಂ," ಎಂದು ಅವನ ಫೋನು ಬಂತು.

ಅವಳು ದಡಬಡನೆ ಎದ್ದಳು. ಲೋಟ ಒಳಗೆ, ಬಾಚಣಿಗೆ ಡ್ರಾಯರಿಗೆ, ಕಾಲುಚೀಲ, ಪಾಠಗಳನ್ನು ತುಂಬಿಸಿಡುವ ಹಾರ್ಡ್ ಡಿಸ್ಕು, ಬಿಸ್ಕತ್ತು, ಎಲ್ಲವೂ ಡ್ರಾಯರಿಗೆ. ಟೇಬಲ್ ಒರೆಸಿ ತಲೆಯನ್ನೂ ಬಾಚಿಕೊಂಡಳು. 'ಮತ್ತೆ ನಗಲಿ ನೋಡೋಣ!'

ಅವನು ಬಂದ, ಟೈಪ್ ಮಾಡಿ ನೋಡಿದ. ಕೀಬೋರ್ಡು ಸಂಭಾವಿತ ಮಗುವಿನ ಹಾಗೆ ಒಂದಕ್ಷರವನ್ನೂ ಬಿಡಲಿಲ್ಲ. ವೈಫೈ ಕೂಡ ಕಮಕ್ ಕಿಮಕ್ ಎನ್ನಲಿಲ್ಲ.

"ಈಗಷ್ಟೇ ಹೋಗ್ತಿತ್ತು! ದೇವರಾಣೆಗೂ..."

"ಇರ್ಲಿ ಬಿಡಿ, ನೋಡೋಣ. ಅಂದಹಾಗೆ, ಅಷ್ಟು ಬೇಗ ಏನು ಟೈಪ್ ಮಾಡ್ತೀರಿ?"

ಹೇಳಿದಳು. ಅವನು ಅವಳ ಬೆರಳುಗಳತ್ತ ನೋಡಿ, "ಹಾಗಾದ್ರೆ ಆ ಮಕ್ಕಳಿಗೆ ನಿಮ್ಮ ಬೆರಳೇ ಕಿವಿ," ಎಂದ.

ಅಯ್ಯೋ... ಇಷ್ಟು ದಿನ ಯಾರೂ ಹೀಗೆ ಹೇಳಿರಲಿಲ್ಲವಲ್ಲ!

ಅವನು ಹೋದ. ಅವಳು ಡ್ರಾಯರಿನಿಂದ ಎಲ್ಲವನ್ನೂ ಹೊರತೆಗೆದು ತರಗತಿಗೆ ಕೂತಳು. ಅಕ್ಷರ ಮತ್ತೆ ಮಾಯ!

ಆಮೇಲೆ ಇದೇ ಗೋಳಾಯಿತು. ಅವನು ವೈಫೈ ಚಾನೆಲ್ ಬದಲಿಸಿದ, ಹೊಸ ರೂಟರ್ ತಂದ, ಹೊರಗಿನ ಕೇಬಲ್ಲನ್ನೂ ಬದಲಿಸಿದ. ಅವನೆದುರಿಗೆ ಎಲ್ಲವೂ ಸರಿ. ಅವನ ಬೆನ್ನು ತಿರುಗಿದ್ದೇ ತಡ, ಮತ್ತೆ ಹಳೇ ರಾಗ. ಪ್ರತಿ ಸಲವೂ ಅವಳ ಮೊಬೈಲಿಗೆ ಕಂಪನಿಯಿಂದ ಅದೇ ಸಂದೇಶ: 'ದೋಷ ಕಂಡುಬಂದಿಲ್ಲ.' ಮೊಬೈಲನ್ನೇ ಗೋಡೆಗೆ ಬಡಿಯಬೇಕೆನಿಸುತ್ತಿತ್ತು.

ಅತ್ತಿಗೆಗೆ ಮಾತ್ರ ಒಳ್ಳೆ ತಮಾಷೆ. "ಆಫ್-ಆನ್ ಸಾಹೇಬ್ರು ಬರ್ತಾರೆ ಅಂದ್ರೆ ನಿನ್ನ ಟೇಬಲ್ಲಿಗೆ ಯೋಗ ಕೂಡಿಬರುತ್ತೆ ಕಣೇ ಪುಟ್ಟಿ!"

"ಸುಮ್ನಿರಿ ಅತ್ತಿಗೆ, ನನ್ನ ಹೊಟ್ಟೆ ಉರೀತಿದೆ ಇಲ್ಲಿ."

ಹೀಗಿರುವಾಗ ಒಂದು ದಿನ ಅವನು ಹಿಂಜರಿಯುತ್ತ ಕೇಳಿದ.

"ಮೇಡಂ, ಬೇಜಾರು ಮಾಡ್ಕೋಬೇಡಿ... ನಿಜವಾಗ್ಲೂ ತೊಂದರೆ ಇದೆಯಾ?"

"ಅಂದ್ರೆ?"

"ಆಫೀಸಲ್ಲಿ ಆಡ್ಕೋತಿದಾರೆ. ಆ ಮನೇಲಿ ನೆಟ್ಟಿಗೇನೂ ಆಗಿಲ್ಲ, ಹುಡುಗಿಗೇ ಏನೋ ಆಗಿದೆ ಅಂತ..." ಅವನ ತುಟಿಯಲ್ಲಿ ಸಣ್ಣ ನಗುವಿತ್ತು, ಕಣ್ಣಲ್ಲಿ ಒಂದು ಆಸೆಯೂ ಇತ್ತು. ಅವಳಿಗೆ ಕಂಡದ್ದು ನಗು ಮಾತ್ರ.

"ನಿಮ್ಮ ಮುಖ ನೋಡೋಕೆ ಸುಳ್ಳು ದೂರು ಕೊಡ್ತೀನಿ ಅಂದ್ಕೊಂಡ್ರಾ? ನನ್ನ ಕೆಲಸ ಹೋಗ್ತಿದೆ ರೀ! ನಿಮಗದು ತಮಾಷೆನಾ?"

ಅವನ ಮುಖ ಪೆಚ್ಚಾಯಿತು. ಚೀಲ ಹೆಗಲಿಗೇರಿಸಿ ಹೊರಟುಹೋದ.

ಅವಳು ಕಂಪನಿಗೆ ಫೋನ್ ಮಾಡಿದಳು. "ಯಾರನ್ನಾದ್ರೂ ಕಳಿಸಿ. ಅವರನ್ನ ಮಾತ್ರ ಬೇಡ!"

ಫೋನ್ ಇಟ್ಟ ಮೇಲೆ ಅಳು ಬಂತು. ಅಷ್ಟು ಸಿಟ್ಟು ಏಕೆ ಬಂತು ಎಂಬುದು ಅವಳಿಗೂ ಗೊತ್ತಿತ್ತು. ಅವನ ಮಾತಿನಲ್ಲಿ ಅರ್ಧ ನಿಜವಿತ್ತು... ಅದಕ್ಕೇ!

ಮರುದಿನ ಬಂದವರು ಹಿರಿಯ ಟೆಕ್ನಿಷಿಯನ್. ಅವಳು ಟೇಬಲ್ ಮುಟ್ಟಲಿಲ್ಲ, ಜಡೆಯನ್ನೂ ಹಾಕಲಿಲ್ಲ, ಮೋರೆ ಊದಿಸಿಕೊಂಡು ಕೂತಿದ್ದಳು. ಅವರೆದುರಿಗೇ ಕೀಬೋರ್ಡು ಅಕ್ಷರ ನುಂಗಿತು, ವೈಫೈ ಬಿತ್ತು. ಅವರು ತಲೆ ಕೆರೆದುಕೊಂಡು, "ಕೀಬೋರ್ಡ್ ಬದಲಾಯಿಸಿ ನೋಡಮ್ಮ," ಎಂದು ಹೊರಟರು.

'ಅಂತೂ ಒಬ್ಬರು ಕಣ್ಣಾರೆ ನೋಡಿದರು. ಇದನ್ನು ಅವನು ನೋಡಬೇಕಿತ್ತು...'

ಅದರ ಮಾರನೆಯ ದಿನದ ತರಗತಿಗೆ ಮೇಲ್ವಿಚಾರಕಿಯೂ ಕೂರುವವರಿದ್ದರು. ಅದು ಕೊನೆಯ ಅವಕಾಶ. ತರಗತಿಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಕರೆಗಂಟೆ ಸದ್ದಾಯಿತು.

ಅವನು! ಕಂಪನಿಯ ಅಂಗಿಯಿಲ್ಲ, ಚೀಲವಿಲ್ಲ.

"ನನ್ನನ್ನ ಕಳಿಸ್ಬೇಡಿ ಅಂದ್ರಂತೆ. ಕಂಪನಿಯಿಂದ ಬಂದಿಲ್ಲ, ರಜೆ ಹಾಕಿ ಬಂದಿದೀನಿ. ನಮ್ಮ ಹಿರಿಯರು ಹೇಳಿದ್ರು, ಅಕ್ಷರ ಹೋಗಿದ್ದನ್ನ ಅವರೇ ನೋಡಿದ್ರಂತೆ. ನೀವು ಅಷ್ಟು ಸಲ ಹೇಳಿದ್ರೂ ನಾನು ನಂಬಲಿಲ್ಲ. ತಪ್ಪಾಯ್ತು."

ಅವನನ್ನು ಒಳಗೆ ಕರೆದ ಅವಳ ಕೈ ತಾನಾಗಿ ಟೇಬಲ್ಲಿನ ಲೋಟದತ್ತ ಹೋಯಿತು.

"ತಡೀರಿ! ಏನೂ ಮುಟ್ಬೇಡಿ!"

ಬಗ್ಗಿ ಒಂದೊಂದೇ ವಯರನ್ನು ಹಿಡಿದು ನೋಡುತ್ತ ಹೋದ.

"ಇದೇನಿದು?"

"ಹಾರ್ಡ್ ಡಿಸ್ಕು. ಪಾಠ ಎಲ್ಲ ಅದ್ರಲ್ಲೇ ಇಡೋದು."

"ಮೊದಲ ದಿನ ನಾನು ಗಮನಿಸ್ಲಿಲ್ಲ. ಆಮೇಲೆ ಬಂದಾಗ ಒಂದಿನವೂ ಕಾಣ್ಲಿಲ್ಲವಲ್ಲ?"

"ಡ್ರಾಯರಿಗೆ ಹಾಕಿಬಿಡ್ತಿದ್ದೆ..."

ಅವನು ಡಿಸ್ಕಿನ ವಯರು ಕಿತ್ತ. "ಟೈಪ್ ಮಾಡಿ." ಎಲ್ಲ ಅಕ್ಷರವೂ ಬಂತು. ಮತ್ತೆ ಚುಚ್ಚಿದ. "ಈಗ ಮಾಡಿ." ಅಕ್ಷರಗಳು ಮಾಯ!

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಕೀಬೋರ್ಡಿನ ಸಿಗ್ನಲ್ ಹಿಡಿಯೋ ಈ ಪುಟ್ಟ ರಿಸೀವರ್ ಪಕ್ಕದಲ್ಲೇ ಡಿಸ್ಕ್ ಚುಚ್ಚಿದೀರಿ. ಡಿಸ್ಕ್ ಓಡುವಾಗ ಅಲ್ಲಿ ಗದ್ದಲ ಎಬ್ಬಿಸುತ್ತೆ. ನಮಗೆ ಕೇಳಲ್ಲ, ಕೀಬೋರ್ಡಿಗೂ ವೈಫೈಗೂ ಕೇಳುತ್ತೆ. ಸಂತೇಲಿ ನಿಂತು ಪಿಸುಗುಟ್ಟಿದ್ರೆ ಯಾರಿಗೆ ಕೇಳ್ಸುತ್ತೆ ಹೇಳಿ?"

ಜೇಬಿನಿಂದ ಗೇಣುದ್ದದ ಕೇಬಲ್ ತೆಗೆದು ರಿಸೀವರನ್ನು ಮುಂದಕ್ಕೆ ತಂದ, ಡಿಸ್ಕನ್ನು ಹಿಂದಕ್ಕೆ ಸರಿಸಿದ. ವೈಫೈಯನ್ನು ನಂಬದೆ, ಹೊಸ ರೂಟರಿನ ಜೊತೆ ಬಂದಿದ್ದ ವಯರನ್ನೂ ನೇರವಾಗಿ ಕಂಪ್ಯೂಟರಿಗೆ ಎಳೆದ.

"ಇಷ್ಟೇನಾ?" ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಇಷ್ಟಕ್ಕೆ ಇಷ್ಟು ದಿನ ಜೀವ ಹಿಂಡಿತಾ ಇದು?"

"ಒಂದು ಅರ್ಥ ಆಗ್ಲಿಲ್ಲ. ನಮ್ಮ ಹಿರಿಯರು ಬಂದಾಗ ಡಿಸ್ಕ್ ಇಲ್ಲೇ ಇತ್ತಾ?"

"ಇತ್ತು."

"ಅವರು ಬರ್ತಾರೆ ಅಂತ ಟೇಬಲ್ ಒಪ್ಪ ಮಾಡ್ಲಿಲ್ವಾ?"

"...ಇಲ್ಲ."

"ನಾನು ಬಂದಾಗ ಮಾತ್ರ...?"

ಅವಳು ತಲೆ ತಗ್ಗಿಸಿದಳು. ಅಡುಗೆಮನೆಯಿಂದ ಅತ್ತಿಗೆಯ ದನಿ ಬಂತು. "ಅವತ್ತು ತಲೆ ಕೂಡ ಬಾಚಿರ್ಲಿಲ್ಲಪ್ಪ ಅವಳು!"

"ಅತ್ತಿಗೇ!"

ಅಷ್ಟರಲ್ಲಿ ತರಗತಿ ಶುರುವಾಯಿತು. ಅವನು ಬಾಗಿಲ ಬಳಿಯ ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಕೂತ. ಮೇಷ್ಟ್ರು ಮಾತಾಡಿದರು, ಅವಳ ಬೆರಳು ಓಡಿತು, ಒಂದಕ್ಷರವೂ ತಪ್ಪಲಿಲ್ಲ. ಪಾಠ ಮುಗಿದಾಗ ಪರದೆಯ ಮೇಲೆ ಮೇಲ್ವಿಚಾರಕಿಯ ಸಾಲು ಮೂಡಿತು: 'ಚೆನ್ನಾಗಿತ್ತು. ತರಗತಿ ನಿಮ್ಮದೇ.'

ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು.

"ನಿಮ್ಮ ಆಫೀಸಿನವರು ಹೇಳಿದ್ದು ಅರ್ಧ ಸರಿ. ನೆಟ್ಟಿಗೂ ಏನೋ ಆಗಿತ್ತು... ಹುಡುಗಿಗೂ ಏನೋ ಆಗಿತ್ತು."

ಅವನ ಕಿವಿ ಕೆಂಪಾಯಿತು. "ನಿಮ್ಮನೆ ದೂರು ಬಂದ್ರೆ ನನಗೇ ಕೊಡಿ ಅಂತ ಆಫೀಸಲ್ಲಿ ಕೇಳಿ ತಗೋತಿದ್ದೆ. ಅದಕ್ಕೇ ಅವರು ನಗ್ತಿದ್ದಿದ್ದು. ಇನ್ಮೇಲೆ ಬರೋಕೆ ದೂರೇ ಇಲ್ವಲ್ಲ..."

"ದೂರಿಲ್ದೇ ಬರಬಾರ್ದಾ?"

"ಬಂದ್ರೆ ಮತ್ತೆ ಟೇಬಲ್ ಒಪ್ಪ ಮಾಡ್ತೀರಾ?"

"ಇಲ್ಲ."

"ಯಾಕೆ?"

ಅವಳು ಲೋಟದಿಂದ ಬಾಚಣಿಗೆ ತೆಗೆದು, ಅವನಿಗೆ ಕಾಣುವಂತೆ ಮತ್ತೆ ಅಲ್ಲೇ ಇಟ್ಟಳು.

"ನಮ್ಮೋರು ಬಂದಾಗ ಯಾರಾದ್ರೂ ಒಪ್ಪ ಮಾಡ್ತಾರಾ?"