ಮೇಲಿನಿಂದ ಕಂಡ ಹಸಿರು

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಠಾಣೆಗೆ ದೂರು ಬಂತು. ಮೂರು ವರ್ಷದ ಹಿಂದೆ ಕಾಳ್ಗಿಚ್ಚಿಗೆ ಸುಟ್ಟು, ಈಗ ಚೇತರಿಸಿಕೊಳ್ಳುತ್ತಿದ್ದ ಗುಡ್ಡಕ್ಕೆ ಹಿಂದಿನ ಮಧ್ಯಾಹ್ನ ಯಾರೋ ಮತ್ತೆ ಬೆಂಕಿಯಿಟ್ಟಿದ್ದರು. ದೂರು ಕೊಟ್ಟವರು ಉಪಗ್ರಹ ಚಿತ್ರಗಳಲ್ಲಿ ಆ ಚೇತರಿಕೆಯನ್ನು ಅಳೆಯುವ ಕಚೇರಿಯ ಮುಖ್ಯಸ್ಥರು. ಆರೋಪಿಯನ್ನೂ ಅವರೇ ಹುಡುಕಿಟ್ಟಿದ್ದರು: ಅಲ್ಲಿ ಮೇಕೆ ಮೇಯಿಸುವ ಅಜ್ಜಿ, ಹೊಸ ಹುಲ್ಲಿನ ಆಸೆಗೆ ಹಚ್ಚಿದ್ದಾಳಂತೆ. ಎಫ್‌ಐಆರ್ ದಾಖಲಾಗಿ ಅಜ್ಜಿಯನ್ನು ಠಾಣೆಗೆ ಕರೆತಂದರು.

"ಹಚ್ಚಿದ್ದು ನೀವೇನಾ ಅಜ್ಜಿ?" ಇನ್‌ಸ್ಪೆಕ್ಟರ್ ಕೇಳಿದಳು.

"ನನ್ನ ಎರಡು ಮರಿ ಸುಟ್ಟು ಸತ್ತವಲ್ಲಮ್ಮಾ. ನಾನ್ಯಾಕೆ ಹಚ್ಲಿ?"

ಸಂಜೆಯೊಳಗೆ ಅಜ್ಜಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿ ಎಂದು ಮೇಲಧಿಕಾರಿಯ ಫೋನು ಬಂತು. ಬಡವರ ತಲೆಗೆ ಗೂಬೆ ಕೂರಿಸುವುದು ಸುಲಭ, ಇಳಿಸುವುದೇ ಕಷ್ಟ ಎಂದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಜಾಗ ನೋಡದೆ ಸಹಿ ಹಾಕುವುದಿಲ್ಲವೆಂದು ಜೀಪು ಹತ್ತಿದಳು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಬೆಂಕಿ ಶುರುವಾಗಿದ್ದು ಗುಡ್ಡದ ಬುಡದಲ್ಲಿ, ರಸ್ತೆಯ ಅಂಚಿನಲ್ಲಿ.

"ಮೇಕೆ ಇದ್ದಿದ್ದು ಮೇಲೆ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್. "ತನ್ನ ಮೇಕೆಗಳ ಬುಡಕ್ಕೆ ತಾನೇ ಬೆಂಕಿ ಇಡೋಕೆ ಅಜ್ಜಿಗೇನು ತಲೆ ಕೆಟ್ಟಿದ್ಯಾ?"

ಅಲ್ಲಿಂದ ಉಪಗ್ರಹ ಕಚೇರಿಗೆ. ಗೋಡೆಯ ತುಂಬ ಗುಡ್ಡದ ಚಿತ್ರಗಳು, ವರ್ಷದಿಂದ ವರ್ಷಕ್ಕೆ ಹಸಿರೇರಿದ್ದವು.

"ಇದೆಲ್ಲ ಮರಾನಾ?"

"ಮೇಲಿಂದ ಹಸಿರು ಕಾಣತ್ತೆ. ಮರವೋ ಕಳೆಯೋ ಖಚಿತವಾಗಿ ಹೇಳಕ್ಕಾಗಲ್ಲ," ಎಂದರು ಮುಖ್ಯಸ್ಥರು. "ಅದಕ್ಕೇ ನಮ್ಮ ಸರ್ವೇಯರ್ ಗುಡ್ಡ ಹತ್ತಿ ಸಸಿ ಎಣಿಸ್ಕೊಂಡು ಬರ್ತಾನೆ. ಅವನ ಎಣಿಕೆ ಚಿತ್ರದ ಲೆಕ್ಕಕ್ಕೆ ಒಂದ್ಸಲಾನೂ ಹೊಂದದೇ ಹೋಗಿಲ್ಲ ನೋಡಿ."

"ಬೇರೆ ಯಾರಾದ್ರೂ ಹೋಗಿ ನೋಡಿದ್ದಾರಾ?"

"ಎಣಿಕೆ ಸರಿಯಿದ್ಯಾ ಅಂತ ನೋಡೋಕೆ ನಾಳೆ ಹೊರಗಿನ ತಂಡ ಬರೋದಿತ್ತು. ಇನ್ನೇನು ನೋಡ್ತಾರೆ, ಬೂದೀನಾ?"

ಇನ್‌ಸ್ಪೆಕ್ಟರಿಗೆ ತಟ್ಟನೆ ಹೊಳೆಯಿತು. ಇಬ್ಬರು ಸಾಕ್ಷಿಗಳು ಅಕ್ಷರ ತಪ್ಪದೆ ಒಂದೇ ಮಾತು ಹೇಳಿದರೆ, ಒಬ್ಬನದನ್ನು ಕೇಳಿಯೇ ಇನ್ನೊಬ್ಬ ಹೇಳಿದ್ದಾನೆಂದು ಅರ್ಥ. ಇಲ್ಲಿ ಚಿತ್ರವೂ ಎಣಿಕೆಯೂ ಹಾಗೇ. ಸರ್ವೇಯರನನ್ನು ಜೀಪಿಗೆ ಹತ್ತಿಸಿಕೊಂಡಳು.

ಗುಡ್ಡದ ಬುಡದಲ್ಲಿ ಇಳಿದ ಅವನು ರಸ್ತೆ ದಾಟಲಿಲ್ಲ.

"ಸಸಿ ಎಣಿಸಿದ ಜಾಗ ತೋರ್ಸಿ."

"ನೀವು ಹೋಗಿ ಮೇಡಂ."

"ಒಂದ್ಸಲನಾದ್ರೂ ಹತ್ತಿದ್ದೀರಾ?"

ಅವನು ಬೂದಿಯ ಕಡೆ ನೋಡದೆ ತಲೆಯಾಡಿಸಿದ. "ಇಲ್ಲ."

"ಎಣಿಕೆ ಎಲ್ಲಿಂದ ಬಂತು?"

"ಚಿತ್ರ ನೋಡಿ ಅಂದಾಜಿಗೆ ಬರ್ದೆ."

"ಬೆಂಕಿ?"

"ರಸ್ತೆಯಿಂದ ನೋಡಿದ್ರೆ ಬರೀ ಕಳೆ. ಸಸಿ ಬಂದೇ ಇಲ್ಲ ಅಂದ್ಕೊಂಡೆ. ತಂಡ ಬಂದ್ರೆ ಸಿಕ್ಕಿಬೀಳ್ತಿದ್ದೆ, ಅದಕ್ಕೇ ಹಚ್ದೆ." ಅವನು ಗುಡ್ಡಕ್ಕೆ ಬೆನ್ನು ಮಾಡಿ ನಿಂತ. "ಮೇಲೆ ಮೇಕೆ ಇದ್ವು ಅಂತ ನಂಗೆ ಗೊತ್ತಿರ್ಲಿಲ್ಲ ಮೇಡಂ."

"ಹತ್ತೋಕೇನಾಗಿತ್ತು ನಿಮಗೆ?"

"ಅಣ್ಣ ಕಾಡು ಕಾಯೋನು. ಮೊದಲನೇ ಬೆಂಕೀಲಿ ಇಲ್ಲೇ ಹೋದ. ಕಂಪ್ಯೂಟರಲ್ಲಾದ್ರೆ ದಿನಾ ನೋಡ್ತೀನಿ ಮೇಡಂ. ಅಲ್ಲಿ ಬರೀ ಬಣ್ಣ ಕಾಣತ್ತೆ, ಅಣ್ಣ ಕಾಣಲ್ಲ."

ಇನ್‌ಸ್ಪೆಕ್ಟರಿಗೆ ಅಯ್ಯೋ ಎನಿಸಿತು. ಆದರೂ ಠಾಣೆಯಲ್ಲಿ ಅಜ್ಜಿ ಕೂತಿದ್ದಳು. ಫೋನು ತೆಗೆದು ಮೊದಲು ಅವಳನ್ನು ಮನೆಗೆ ಬಿಟ್ಟುಬರಲು ಹೇಳಿ, ಆಮೇಲೆ ಸರ್ವೇಯರನ ಬಂಧನದ ಮಾತೆತ್ತಿದಳು.

ಅಷ್ಟರಲ್ಲಿ ಗುಡ್ಡ ಹತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಮೇಲಿನಿಂದ ಕೂಗಿದ. "ಮೇಡಂ, ಇಲ್ಲಿ ಬಂದು ನೋಡಿ!"

ಅವಳು ಹೊರಟಾಗ ಸರ್ವೇಯರನೂ ಏನೆನಿಸಿತೋ ಹಿಂದೆಯೇ ಹತ್ತಿದ. ದಿಬ್ಬದ ಆಚೆ, ಸುಟ್ಟ ಕಳೆಯ ನಡುವೆ ಸೊಂಟದೆತ್ತರದ ಕರಿ ಕಡ್ಡಿಗಳು ಉದ್ದಕ್ಕೂ ನಿಂತಿದ್ದವು. ಹೆಡ್ ಕಾನ್‌ಸ್ಟೇಬಲ್ ಒಂದನ್ನು ಮುರಿದು ಕೊಟ್ಟ. ಕಳೆಯಲ್ಲ, ಗಟ್ಟಿ ಮರದ ಸಸಿ.

ಸರ್ವೇಯರ್ ಬೆರಳು ಮಡಚುತ್ತ ಎಣಿಸತೊಡಗಿದ. ಕೊನೆಯವರೆಗೂ ಎಣಿಸಿ ಬಂದು ಬೂದಿಯಲ್ಲೇ ಕೂತ.

"ನಾನು ಬರ್ದಷ್ಟೇ ಇವೆ ಮೇಡಂ," ಎಂದ. "ಇಷ್ಟೂ ಇದ್ವು."