ತಳ ಹಿಡಿದ ಹಾಲಿನ ಸೀಸೆ

ಬೀಗ ಭದ್ರವಾಗಿತ್ತು. ಬೀರುವೂ ಭದ್ರವಾಗಿತ್ತು. ಒಳಗಿದ್ದ ಸೀಸೆ ಮಾತ್ರ ಇರಲಿಲ್ಲ.

"ಬೀಗ ತೆಗೆದವನು ನಾನೇ. ಆಗಲೇ ಖಾಲಿ ಇತ್ತು," ಎಂದ ಉದ್ದಣ್ಣ. ಬಾಟಲಿ ತುಂಬುವ ಕೆಲಸದವನು ಅವನು. ಏಣಿಯ ಹಂಗಿಲ್ಲದೆ ಮೇಲಿನ ಹಲಗೆಗೆ ಕೈ ಹಾಕುತ್ತಿದ್ದನಾದ್ದರಿಂದ ಆ ಹೆಸರು.

ತಂಗಿ ಬೀರುವಿನೊಳಗೆ ಮತ್ತೆ ಮತ್ತೆ ಕೈಯಾಡಿಸಿದಳು. ಆ ಕಂದು ಸೀಸೆಯಲ್ಲಿ ಅವರ ಇಡೀ ಚಳಿಗಾಲದ ವ್ಯಾಪಾರವಿತ್ತು. ಸುಗಂಧದ ಹೆಸರು 'ತಳ ಹಿಡಿದ ಹಾಲು': ಕಾದು ಪಾತ್ರೆಗೆ ಅಂಟಿದ ಹಾಲು, ಸುಟ್ಟ ಸಕ್ಕರೆ, ವೆನಿಲ್ಲಾ. ಅಕ್ಕ ತನ್ನ ಕೈಯಾರೆ ಬೆರೆಸಿ, ಕತ್ತಲಲ್ಲಿ ವಾರಗಟ್ಟಲೆ ಹದವಾಗಲು ಬಿಟ್ಟಿದ್ದ ಮೂಲಸಾರ ಅದು. ಪೇಟೆಯ ದೊಡ್ಡ ಅಂಗಡಿಯ ಯಜಮಾನಿ ಸಂಜೆ ಬಂದು ಮೂಸಿ ನೋಡುವವಳಿದ್ದಳು. ಅವಳು ಒಪ್ಪಿದರೆ ಅಕ್ಕತಂಗಿಯರ ಈ ಪುಟ್ಟ ಕಾರ್ಖಾನೆ ಉಳಿಯುತ್ತದೆ, ಒಪ್ಪದಿದ್ದರೆ ಬಾಗಿಲು ಹಾಕಬೇಕಾಗುತ್ತದೆ.

ಆ ಸಾರವನ್ನು ಎಣ್ಣೆಗೆ ಸೇರಿಸಬೇಕೋ, ಆಲ್ಕೋಹಾಲಿಗೆ ಸೇರಿಸಿ ಸ್ಪ್ರೇ ಮಾಡಬೇಕೋ ಎನ್ನುವುದು ಮನೆಯ ಹಳೆಯ ಜಗಳ. ಅಕ್ಕ ಎಣ್ಣೆಯ ಪಕ್ಷ. ಮಣಿಕಟ್ಟಿನ ಮೇಲೆ ಒಂದು ಗೆರೆ ಎಳೆದರೆ ಚರ್ಮದ ಬಿಸಿಗೆ ಮೆಲ್ಲಗೆ ಅರಳಬೇಕು, ಹತ್ತಿರ ಬಂದವರಿಗಷ್ಟೇ ತಿಳಿಯಬೇಕು. ತಂಗಿಗೋ ಒಮ್ಮೆ ಒತ್ತಿದರೆ ಕೋಣೆಯೆಲ್ಲ ಘಮ್ಮೆನ್ನಬೇಕು, ಉಣ್ಣೆಗೆ ತಾಕಿದರೆ ಮರುದಿನವೂ ಬಿಡಬಾರದು.

"ಸ್ಪ್ರೇ ಅಂದ್ರೆ ಬೀದೀಲಿ ನಿಂತು ಕೂಗೋದು," ಎನ್ನುವಳು ಅಕ್ಕ.

"ಎಣ್ಣೆ ಅಂದ್ರೆ ಬಾಯಿ ಮುಚ್ಕೊಂಡು ಮೂಲೇಲಿ ಕೂರೋದು," ಎನ್ನುವಳು ತಂಗಿ. ಇದೊಂದು ವಿಷಯದಲ್ಲಿ ಇಬ್ಬರೂ ಎಣ್ಣೆ ಸೀಗೇಕಾಯಿ.

ಬೀರುವಿಗಿದ್ದದ್ದು ಎರಡು ಕೀಲಿಕೈ. ಒಂದು ಅಕ್ಕನದು, ಇನ್ನೊಂದು ಉದ್ದಣ್ಣನದು. ಮೊನ್ನೆಯಷ್ಟೇ ಪಕ್ಕದ ರಸ್ತೆಯ ಸುಗಂಧದ ವ್ಯಾಪಾರಿ ಅವನನ್ನು ತನ್ನಲ್ಲಿಗೆ ಕರೆದಿದ್ದ. ತಂಗಿಯ ಮನಸ್ಸು ಎತ್ತ ಓಡಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವಳು ಅವನ ಮುಖ ನೋಡಿದಳು. ಅವನು ನೆಲ ನೋಡಿದ.

ಅಷ್ಟರಲ್ಲಿ ಅಕ್ಕ ಬಂದಳು. ವಿಷಯ ಕೇಳಿ ಶಾಲು ಬಿಗಿಯಾಗಿ ಹೊದ್ದು ಸ್ಟೂಲಿನ ಮೇಲೆ ಕುಳಿತಳು.

"ಪೊಲೀಸರಿಗೆ ಹೇಳ್ತೀನಿ," ಎಂದಳು ತಂಗಿ.

"ಬೇಡ. ಯಜಮಾನಿಗೆ ಫೋನ್ ಮಾಡಿ ಬರೋದು ಬೇಡ ಅನ್ನು. ಹೋದದ್ದು ಹೋಯ್ತು."

ಹೋದ ತಿಂಗಳು ಜ್ವರದಿಂದ ಎದ್ದ ಮೇಲೆ ಅಕ್ಕ ಹೀಗೇ ಆಗಿದ್ದಳು. ಮಾತು ಕಡಿಮೆ, ಮುಖ ಬಾಡಿದ್ದು. ತಂಗಿ ಯಜಮಾನಿಗೆ ಫೋನ್ ಮಾಡಲಿಲ್ಲ. ಚಿಕ್ಕಮ್ಮನಿಗೆ ಮಾಡಿದಳು.

ಚಿಕ್ಕಮ್ಮ ವಿಮಾ ಕಂಪನಿಯಲ್ಲಿ ಸುಳ್ಳು ಕಳವು, ಸುಳ್ಳು ಬೆಂಕಿ ಪತ್ತೆ ಮಾಡಿ ಮಾಡಿ ನಿವೃತ್ತಳಾದವಳು. ಬಂದವಳೇ ಬೀಗ ನೋಡಿದಳು, ಕಿಟಕಿ ನೋಡಿದಳು, ಆಮೇಲೆ ಉದ್ದಣ್ಣನನ್ನು ಕರೆದಳು.

"ಆ ವ್ಯಾಪಾರಿ ಕರೆದಾಗ ಏನಂದೆಯಪ್ಪಾ?"

"ಬರಲ್ಲ ಅಂದೆ."

"ಯಾಕೆ?"

"ಅಲ್ಲಿ ಬಾಟಲಿ ಅಷ್ಟೇ ತುಂಬಬೇಕು. ಇಲ್ಲಿ ಮೇಡಂ ಪ್ರತಿ ಸಲ ಬೆರೆಸಿದಾಗಲೂ ಮೂಸೋಕೆ ಕೊಡ್ತಾರೆ. ಹೇಗಿದೆ ಅಂತ ಕೇಳ್ತಾರೆ."

"ಈ ಸಲವೂ ಕೊಟ್ಟರಾ?"

"ಇಲ್ಲ. ಈ ಸಲ ನೇರ ಬೀರುವಿಗೆ ಹೋಯ್ತು."

ಚಿಕ್ಕಮ್ಮ ಅವನ ಕಿವಿಯಲ್ಲೇನೋ ಹೇಳಿದಳು. ಅವನು ಒಳಗೆ ಹೋಗಿ ಏನನ್ನೋ ತಂದು ಅವಳ ಅಂಗೈಯಲ್ಲಿಟ್ಟ. ಆಮೇಲೆ ಅವಳು ತಂಗಿಯನ್ನು ಬಾಗಿಲಾಚೆಗೆ ಕರೆದಳು.

"ಅಕ್ಕನ ಹತ್ರ ಚಕ್ಕೆ ಹಾಕಿದ ಕೇಕಿನ ಘಮ ಬರ್ತಿದೆಯಲ್ಲೇ. ಮೆಟ್ಟಿಲ ಹತ್ತಿರವೇ ಮೂಗಿಗೆ ಬಡೀತು."

ತಂಗಿಗೆ ಆ ಕಷ್ಟದಲ್ಲೂ ನಗು ಬಂತು. "ಅದು ನನ್ನ ಕಿತಾಪತಿ, ಚಿಕ್ಕಮ್ಮ. ನಾನು ಹೊಸದಾಗಿ ಮಾಡಿಸಿದ ಸ್ಪ್ರೇ. ನಿನ್ನೆ ಅವಳ ಶಾಲು ಗೂಟಕ್ಕೆ ನೇತು ಹಾಕಿತ್ತು. ಅಂಚಿಗೆ ಚೆನ್ನಾಗಿ ಹೊಡೆದುಬಿಟ್ಟೆ. ರೇಗ್ತಾಳೆ ಅಂದ್ಕೊಂಡಿದ್ದೆ. ರೇಗಲೇ ಇಲ್ಲ. ಇವತ್ತೂ ಅದನ್ನೇ ಹೊದ್ದು ಬಂದಿದ್ದಾಳೆ. ಅಂತೂ ಸ್ಪ್ರೇಗೆ ಒಪ್ಪಿಕೊಂಡ ಹಾಗೆ ಕಾಣುತ್ತೆ."

"ಹೂಂ," ಎಂದಳು ಚಿಕ್ಕಮ್ಮ. ಅವಳ ಮುಖ ಸಪ್ಪಗಾಯಿತು. ತಂಗಿಗೆ ಕಾರಣ ತಿಳಿಯಲಿಲ್ಲ.

ಕೊನೆಗೆ ಚಿಕ್ಕಮ್ಮ ಒಳಗೆ ಬಂದು ಅಕ್ಕನ ಮುಂದೆ ನಿಂತಳು. ಕೈಯಲ್ಲಿದ್ದ ಪುಟ್ಟ ಸೀಸೆಯನ್ನು ಮುಂದೆ ಹಿಡಿದಳು. ಬಾಯಲ್ಲಿ ಉರುಳುವ ಗುಂಡಿದ್ದ ಎಣ್ಣೆ ಸೀಸೆ, ಮೇಲೆ ಚೀಟಿ ಇಲ್ಲ.

"ಇದು ಯಾವುದು ಹೇಳಮ್ಮ?"

ಅಕ್ಕ ಮಣಿಕಟ್ಟಿಗೆ ಉರುಳಿಸಿದಳು. ಕಣ್ಣು ಮುಚ್ಚಿ ಉಸಿರೆಳೆದಳು. "ನಮ್ಮದೇ. ಹೋದ ವರ್ಷದ್ದು. ವೆನಿಲ್ಲಾ ಮುಂದೆ ಬಂದಿದೆ."

"ಸರಿಯಾಗಿ ನೋಡಿ ಹೇಳು."

"ನನ್ನ ಕೈಯ ಕೆಲಸ ನನಗೆ ಗೊತ್ತಾಗಲ್ವಾ, ಚಿಕ್ಕಮ್ಮ?"

ಚಿಕ್ಕಮ್ಮ ಸ್ಟೂಲು ಎಳೆದುಕೊಂಡು ಎದುರಿಗೆ ಕುಳಿತಳು. ದನಿ ತಗ್ಗಿಸಿದಳು.

"ಇದರಲ್ಲಿ ಸುಗಂಧ ಇಲ್ಲ ಕಣಮ್ಮ. ಬರೀ ಎಣ್ಣೆ. ಉದ್ದಣ್ಣನ ಹತ್ರ ನಾನೇ ತುಂಬಿಸಿದ್ದು."

ಅಕ್ಕ ಮಣಿಕಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ನಿನ್ನ ಶಾಲು ಮೆಟ್ಟಿಲವರೆಗೂ ಕೇಳೋ ಹಾಗೆ ಕೂಗ್ತಿದೆ," ಎಂದಳು ಚಿಕ್ಕಮ್ಮ. "ಸ್ಪ್ರೇ ಅಂದ್ರೆ ಮೈ ಉರೀತಿದ್ದ ನೀನು ನಿನ್ನೆಯಿಂದ ಅದನ್ನೇ ಹೊದ್ದು ಕೂತಿದ್ದೀಯ. ಇವಳು ಅದನ್ನ ಒಪ್ಪಿಗೆ ಅಂದ್ಕೊಂಡಳು. ಅದು ಒಪ್ಪಿಗೆ ಅಲ್ಲ, ನಿನಗೆ ಗೊತ್ತೇ ಆಗಿಲ್ಲ. ಇವಳು ಎಣ್ಣೆ ಸವರಿದ್ದರೆ ನಮಗ್ಯಾರಿಗೂ ತಿಳೀತಿರಲಿಲ್ಲ. ಜ್ವರದ ಜೊತೆ ಮೂಗೂ ಹೋಯ್ತು, ಅಲ್ವಾ?"

ಅಕ್ಕ ಶಾಲಿನ ಅಂಚನ್ನು ಮೂಗಿಗೆ ಒತ್ತಿ ಹಿಡಿಯುವಷ್ಟರಲ್ಲಿ ಚಿಕ್ಕಮ್ಮ ಮುಂದುವರಿಸಿದಳು.

"ಈ ಸಲದ್ದು ನೀನು ಬರೀ ನೆನಪಿನ ಮೇಲೆ ಬೆರೆಸಿದ್ದು. ಹೇಗಾಗಿದೆ ಅಂತ ನಿನಗೇ ಗೊತ್ತಿಲ್ಲ. ಅದಕ್ಕೇ ಉದ್ದಣ್ಣನಿಗೂ ಮೂಸೋಕೆ ಕೊಡಲಿಲ್ಲ. ಯಜಮಾನಿ ಮೂಸಿದರೆ ಗುಟ್ಟು ರಟ್ಟಾಗುತ್ತೆ ಅಂತ ಸೀಸೆನೇ ಇಲ್ಲದ ಹಾಗೆ ಮಾಡಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಇದು. ಎಲ್ಲಿಟ್ಟಿದ್ದೀಯ?"

ಅಕ್ಕ ಎದ್ದು ಪ್ಯಾಕಿಂಗ್ ಹುಲ್ಲಿನ ಪೆಟ್ಟಿಗೆಯ ತಳದಿಂದ ಸೀಸೆ ತೆಗೆದಳು. ಹಾಗೇ ಎದೆಗವಚಿಕೊಂಡು ನಿಂತಳು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಚೆಲ್ಲೋಣ ಅಂತ ಹೋದೆ. ಮನಸ್ಸು ಬರಲಿಲ್ಲ," ಎಂದಳು. "ಮೂಗಿಲ್ಲದವಳು ಸುಗಂಧ ಮಾಡ್ತಾಳೆ ಅಂದ್ರೆ ಯಾರು ತಗೋತಾರೆ? ನಿಂಗೆ ಹೇಳೋಕೂ ನಾಚಿಕೆ ಆಯ್ತು ಕಣೇ. ಉದ್ದಣ್ಣನ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ. ಇವತ್ತು ಇಲ್ಲಿ ಬಂದ ಮೇಲೆ ಹೊಳೀತು. ಆಗಲೂ ಸುಮ್ಮನೆ ಕೂತೆ. ತಪ್ಪಾಯ್ತು ಉದ್ದಣ್ಣ."

ತಂಗಿಯೂ ಅವನತ್ತ ತಿರುಗಿದಳು. "ನಾನೂ ನಿಮ್ಮನ್ನ ಅನುಮಾನದಿಂದ ನೋಡಿದೆ. ತಪ್ಪಾಯ್ತು."

"ನೋಡಿದ್ದು ಗೊತ್ತಾಯ್ತು," ಎಂದ ಉದ್ದಣ್ಣ. ಕ್ಷಮಿಸಿದೆ ಎನ್ನಲಿಲ್ಲ. ಆದರೆ ಒಳಗೆ ಹೋಗಿ ಮೂಸುವ ಕಾಗದದ ಪಟ್ಟಿಗಳನ್ನು ತಂದು ಮೇಜಿನ ಮೇಲಿಟ್ಟ.

ತಂಗಿ ಬಿರಡೆ ತೆಗೆದಳು. ಪಟ್ಟಿಯ ತುದಿಗೆ ಸಾರ ಮುಟ್ಟಿಸಿ ಮೂಗಿನ ಹತ್ತಿರ ಹಿಡಿದಳು. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಬೆರಳುಗಳನ್ನು ಹೆಣೆದುಕೊಂಡಿದ್ದಳು. ಚೆನ್ನಾಗಿದೆ ಎಂದುಬಿಡುವುದು ಸುಲಭವಾಗಿತ್ತು. ಆ ಮಾತು ತಂಗಿಯ ನಾಲಿಗೆಯ ತುದಿಗೆ ಬಂದೂ ಇತ್ತು.

"ಹಾಲು ಹಾಗೇ ಇದೆ," ಎಂದಳು. "ವೆನಿಲ್ಲಾ ಹೆಚ್ಚಾಗಿಲ್ಲ. ಆದ್ರೆ ತಳ ಹಿಡಿದಿಲ್ಲ, ಅಕ್ಕ. ಸುಟ್ಟದ್ದು ಸಾಲದು."

ಉದ್ದಣ್ಣ ಪಟ್ಟಿ ಇಸಿದುಕೊಂಡು ಮೂಸಿದ. "ಹೌದು. ಬರೀ ಸಿಹಿ."

ಅಕ್ಕ ಕುಸಿಯಬಹುದೆಂದು ತಂಗಿ ಹೆದರಿದ್ದಳು. ಅಕ್ಕ ಕುಸಿಯಲಿಲ್ಲ. ಇಷ್ಟು ವಾರ ಒಬ್ಬಳೇ ಹೊತ್ತ ಭಾರವನ್ನು ಇಳಿಸಿದವಳಂತೆ ದೀರ್ಘವಾಗಿ ಉಸಿರು ಬಿಟ್ಟಳು. ಹಲಗೆಯ ಮೇಲಿಂದ ಸುಟ್ಟ ಸಕ್ಕರೆಯ ಸಾರ ತೆಗೆದಳು, ಹನಿ ಬಿಡುವ ನಳಿಕೆ ತೆಗೆದಳು.

"ಸಂಜೆಗೆ ಹದವಾಗಲ್ಲ," ಎಂದಳು ತಂಗಿ.

"ಪೂರ್ತಿ ಹದವಾಗಲ್ಲ. ದಾರಿ ತೋರಿಸೋವಷ್ಟು ಆಗುತ್ತೆ. ಯಜಮಾನಿಗೆ ಇದ್ದದ್ದು ಇದ್ದ ಹಾಗೆ ಹೇಳೋಣ. ಮೂಗು ನನ್ನದಲ್ಲ, ನಿನ್ನದು ಅಂತಾನೂ ಹೇಳೋಣ."

ಅಕ್ಕನ ಕೈ ಸೀಸೆಯ ಬಾಯಿಯ ಮೇಲೆ ನಿಂತಿತು. "ಎಷ್ಟು ಹನಿ?"

"ಹಾಕ್ತಾ ಹೋಗು. ಸಾಕು ಅಂದಾಗ ನಿಲ್ಲಿಸು."

ಹುಟ್ಟಿದಾಗಿನಿಂದ ತಂಗಿಯ ಒಂದು ಮಾತಿಗೂ ಕಾಯದ ಅಕ್ಕ, ಒಂದೊಂದೇ ಹನಿ ಬಿಟ್ಟು, ತಲೆ ಎತ್ತಿ ಕಾಯತೊಡಗಿದಳು.