ಅಂಗೈ ಕಾವಿನ ಕಲ್ಲು

ಹಾಡುಹಗಲಲ್ಲಿ ಮನೆ ಬಾಗಿಲಿಗೆ ಬಂದು, ಸ್ವಲ್ಪ ಕತ್ತಲೆ ಇದ್ದರೆ ಕೊಡಿ ಎಂದು ಕೇಳಿದ ಗಂಡಸನ್ನು ಮುದ್ದಕ್ಕ ಅವತ್ತಿನವರೆಗೆ ಕಂಡಿರಲಿಲ್ಲ.

ನೀರು ಕೇಳುವವರು, ಬೆಂಕಿ ಕೇಳುವವರು, ಹೆಪ್ಪಿಗೆ ಒಂದು ತೊಟ್ಟು ಮಜ್ಜಿಗೆ ಕೇಳುವವರು ಆ ಜಗಲಿಗೆ ಬಂದುಹೋಗುತ್ತಲೇ ಇದ್ದರು. ಈತ ಖಾಕಿ ನಿಕ್ಕರು ತೊಟ್ಟು, ಸುತ್ತಿಗೆ ಸಿಕ್ಕಿಸಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕತ್ತಲೆ ಕೇಳುತ್ತಿದ್ದ. ಹೆಸರು ಓಬಳಯ್ಯ. ಮಹಾರಾಜರ ಸರ್ಕಾರದಲ್ಲಿ ಕಲ್ಲು ಹುಡುಕುವ ಕೆಲಸ. ಸಿರಾ ಕಡೆಯವನು, ವಿಚಾರಿಸಿದರೆ ಕುಲದಲ್ಲಿ ತಮ್ಮವನೇ. ಮುದ್ದಕ್ಕನ ಅಪ್ಪ ಬೊಮ್ಮಣ್ಣ ಬಾವಿ ಆಳ ಮಾಡಿಸುವಾಗ ಬೆಣಚುಕಲ್ಲಿನ ಸಂದಿನಲ್ಲಿ ಹಸಿರೂ ನೇರಳೆಯೂ ಕಲೆತಂಥ ಕಲ್ಲು ಸಿಕ್ಕಿತ್ತಲ್ಲ, ಅದರ ಸುದ್ದಿ ಮಧುಗಿರಿ ಕಚೇರಿ ಮುಟ್ಟಿ, ಅಲ್ಲಿಂದ ಬೆಂಗಳೂರು ಮುಟ್ಟಿ, ಕೊನೆಗೆ ಈತನ ಗುಡಾರ ಊರ ಹೊರಗಿನ ಹುಣಿಸೆ ತೋಪಿಗೆ ಬಂದು ಇಳಿದಿತ್ತು. ಗುಡಾರದ ಬಟ್ಟೆಯಲ್ಲಿ ಬಿಸಿಲು ಸೋರುತ್ತದೆ, ತನ್ನ ಪರೀಕ್ಷೆಗೆ ಕಗ್ಗತ್ತಲೆ ಬೇಕು ಎಂದು ಅವನು ವಿವರಿಸಿದ.

ಆ ಮನೆಯಲ್ಲಿ ಅಂಥ ಕತ್ತಲೆ ಇದ್ದದ್ದು ಒಂದೇ ಕಡೆ. ಬಾಣಂತಿ ಕೋಣೆ. ಮುದ್ದಕ್ಕನ ಅಕ್ಕ ಕೂಸು ಎತ್ತಿಕೊಂಡು ಗಂಡನ ಮನೆಗೆ ಹೋದಮೇಲೆ ಅದು ಖಾಲಿ ಬಿದ್ದಿತ್ತು. ಆದರೆ ಗಂಡಸರು ಅದರ ಹೊಸಿಲು ದಾಟುವ ಪದ್ಧತಿ ಇರಲಿಲ್ಲ.

"ಬಾಣಂತಿ ಕೋಣೆ ಬೇಕಾ ನಿಂಗೆ?" ಅಜ್ಜಿ ರಂಗಕ್ಕ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದಳು. "ಮೊದ್ಲು ಮದ್ವೆ ಆಗಪ್ಪ. ಆಮ್ಯಾಕೆ ಕೇಳುವಂತೆ."

ಓಬಳಯ್ಯನ ಕಿವಿಯವರೆಗೆ ಕೆಂಪೇರಿತು. ಮುದ್ದಕ್ಕ ಕಂಬದ ಮರೆಗೆ ಹೋಗಿ ನಕ್ಕಳು. ಅವನ ವಿಷಯದಲ್ಲಿ ಅವಳು ಮನಸ್ಸು ಬಿಚ್ಚಿ ನಕ್ಕದ್ದು ಅದೊಂದೇ ಸಲ. ಆಮೇಲೆಲ್ಲ ಬರೀ ಹಲ್ಲು ಕಚ್ಚುವ ಕೆಲಸ.

ಸರ್ಕಾರದ ಕೆಲಸ ಎಂದು ಬೊಮ್ಮಣ್ಣ ಹೇಳಿದ ಮೇಲೆ ಅಜ್ಜಿ ಅರ್ಧ ಮನಸ್ಸಿನಿಂದ ಒಪ್ಪಿದಳು. ಬಾಗಿಲು ಹಾಕುವಂತಿಲ್ಲ, ಕಂಬಳಿ ಇಳಿಬಿಡಬಹುದು. ತಾನು ಹೊಸಿಲ ಆಚೆ ಕೂತು, ಒಂದು ಕಾಲನ್ನು ಕಂಬಳಿಯ ಅಡಿಯಿಂದ ಒಳಗೆ ಚಾಚಿರುತ್ತೇನೆ. ಕಾಲಿಗೂ ಕಣ್ಣಿರುತ್ತೆ, ನೆನಪಿರಲಿ ಎಂದಳು.

ಗೋಡೆಯ ಮೇಲಿನ ಬೆಳಕಿಂಡಿಗೆ ಕಡುನೇರಳೆ ಗಾಜಿನ ತುಂಡು ಹಿಡಿಯಬೇಕಿತ್ತು. ಬಿಸಿಲು ಸರಿದಂತೆ ಗಾಜೂ ಸರಿಯಬೇಕು. ಅದನ್ನು ಹಿಡಿಯಲು ಒಬ್ಬರು ಬೇಕು, ಅಜ್ಜಿಗೆ ಕೈ ಎಟಕುವುದಿಲ್ಲ. ಹೀಗೆ ಮುದ್ದಕ್ಕ ಕಲ್ಲಿನ ಕೆಲಸಕ್ಕೆ ಸೇರಿದಳು.

ಮೊದಲ ದಿನ ಅವಳಿಗೆ ಉಸಿರು ನಿಂತ ಹಾಗಾಗಿತ್ತು, ಸುಳ್ಳೇಕೆ. ನೇರಳೆ ಬಿಸಿಲಿನ ಎಳೆಯೊಂದು ಕಲ್ಲಿನ ಮೇಲೆ ಬಿದ್ದದ್ದೇ, ಕಲ್ಲು ಒಳಗಿನಿಂದ ನೀಲಿಯಾಗಿ ಉರಿಯತೊಡಗಿತು. ಗಾಜನ್ನು ಸರಿಸಿ ಕಿಂಡಿ ಮುಚ್ಚಿದರೆ ತಟ್ಟನೆ ಆರಿತು. ಅವನು ಪಿಸುಮಾತಿನಲ್ಲಿ ಅದರ ಗುಣ ಹೇಳುತ್ತಾ ಹೋದ. ಇದು ಫ್ಲೋರ್ ಸ್ಪಾರ್ ಜಾತಿ, ಚಾಕುವಿನಲ್ಲಿ ಗೀರಬಹುದಾದಷ್ಟು ಮೆತ್ತಗೆ. ಬೆಳಕು ಬಿದ್ದಾಗ ಹೊಳೆಯುವ ಕಲ್ಲು ಬೇರೆ ಕಡೆಯೂ ಉಂಟು. ಇದರಲ್ಲೊಂದು ಅಪರೂಪದ ತಳಿ ಮಾತ್ರ ಬೆಳಕೇ ಇಲ್ಲದಿದ್ದರೂ ಬರೀ ಕಾವಿಗೆ ಹೊಳೆಯುತ್ತದೆ. ಅದಕ್ಕೆ ಅಂಗೈಯ ಕಾವೂ ಸಾಕು.

ತನ್ನ ಕೈ ತಣ್ಣಗಿದೆ ಎಂದು ಅವನು ಕಲ್ಲನ್ನು ಅವಳ ಅಂಗೈಗೆ ಇಟ್ಟ. ಬೆರಳುಗಳ ಸಂದಿನಿಂದ ಹಸಿರು ಮೆಲ್ಲನೆ ಎದ್ದಿತು, ಮಿಂಚುಹುಳ ನಿದ್ದೆಯಿಂದ ಎದ್ದ ಹಾಗೆ. ಅವನ ಮುಖ ಅವಳ ಕೈಯ ಹತ್ತಿರ ಬಂತು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗಿತು. ಮುದ್ದಕ್ಕ ಕಾದಳು.

"ಎಂಥಾ ಹಸಿರು," ಅಂದ ಅವನು.

ಕಂಬಳಿಯ ಅಡಿಯಲ್ಲಿ ಅಜ್ಜಿಯ ಹೆಬ್ಬೆರಳು ಒಂದು ಸಲ ಅಲ್ಲಾಡಿತು.

ಅಲ್ಲಿಂದ ಮುಂದಕ್ಕೆ ದಿನವೂ ಇದೇ. ಹಟ್ಟಿ ಗುಡಿಸಿ, ರಾಗಿ ಬೀಸಿ, ದನಕ್ಕೆ ನೀರು ತೋರಿಸಿ ಸೊಂಟ ಹಿಡಿದುಕೊಂಡು ಬಂದರೆ, ಅವನು ಬಾಗಿಲಲ್ಲಿ ನಿಂತಿರುತ್ತಿದ್ದ. ನಿನ್ನೆ ನೋಡಿದ್ದನ್ನೇ ಇವತ್ತೂ ನೋಡಬೇಕು. ಕಲ್ಲು ನೋಡುವಾಗ ಅವನ ಕಣ್ಣು ತುಂಬಿಬರುತ್ತಿತ್ತು. ಅವಳು ತಿರುಗಿದರೆ ಆ ಕಣ್ಣು ಗೋಡೆಗೆ ಓಡುತ್ತಿತ್ತು. ಅವಳು ಮಜ್ಜಿಗೆ ಕೊಟ್ಟರೆ ಲೋಟದ ತಳ ನೋಡುತ್ತಿದ್ದ. ಹೂ ಮುಡಿದು ಬಂದ ದಿನ ಬೆಣಚುಕಲ್ಲಿನ ವಯಸ್ಸು ಹೇಳಿದ. ಇಷ್ಟು ವರ್ಷದ ಕಲ್ಲಿಗೆ ಇಲ್ಲದ ಅವಸರ ನನಗೇಕೆ ಎಂದು ಅವಳು ತನ್ನನ್ನೇ ಬೈದುಕೊಂಡಳು. ಬೈದುಕೊಂಡ ಮಾತ್ರಕ್ಕೆ ಮನಸ್ಸು ಕೇಳಬೇಕಲ್ಲ.

ಅವಸರಕ್ಕೆ ಕಾರಣವಿತ್ತು. ಪಾವಗಡದ ಕಡೆಯಿಂದ ಸಂಬಂಧ ಬಂದಿತ್ತು. ಬರುವ ಸೋಮವಾರ ಬೊಮ್ಮಣ್ಣ ಅವರಿಗೆ ಮಾತು ಕೊಡಬೇಕು. ಹುಡುಗನಲ್ಲಿ ಕುಂದೇನೂ ಇರಲಿಲ್ಲ, ಅದೇ ದೊಡ್ಡ ಕಷ್ಟ. ಬೇಡ ಅನ್ನಲು ಮುದ್ದಕ್ಕನ ಹತ್ತಿರ ಒಂದು ಕಾರಣ ಬೇಕಾಗಿತ್ತು. ಆ ಕಾರಣವೋ ಬಾಯಿ ಬಿಡದೆ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿತ್ತು.

ಕೊನೆಗೆ ಗಾಜು ಹಿಡಿದುಕೊಂಡೇ ಅವಳು ಹೇಳಿದಳು. "ಪಾವಗಡದೋರು ಕೇಳ್ತಾ ಅವ್ರೆ. ಸ್ವಾಮವಾರ ನಮ್ಮಪ್ಪ ಮಾತು ಕೊಡ್ತಾನೆ."

ಕತ್ತಲೆಯಲ್ಲಿ ಅವನ ಕೈಯ ಕಲ್ಲು ನೆಲಕ್ಕೆ ಬಿದ್ದ ಸದ್ದಾಯಿತು.

"ಗಾಜು ಸ್ವಲ್ಪ ಎಡಕ್ಕೆ," ಅಂದ ಓಬಳಯ್ಯ. ಮುದ್ದಕ್ಕ ಗಾಜನ್ನು ಅವನ ಕೈಗೇ ತುರುಕಿ ಹೊರಗೆ ಬಂದಳು.

ಶನಿವಾರ ಇನ್ನೊಂದು ಅನಾಹುತವಾಯಿತು. ಅವನು ಆ ಕಲ್ಲನ್ನು ಕುಟ್ಟಿ, ಜರಡಿ ಹಿಡಿದು, ತೊಳೆದು, ಒಣಗಿಸಿ ಕೋಣೆಯ ಮೂಲೆಯಲ್ಲಿ ಗಂಟು ಕಟ್ಟಿಟ್ಟಿದ್ದ. ಅಜ್ಜಿಗೆ ಅದು ಕಣ್ಣಿಗೆ ಬಿತ್ತು. ಇಷ್ಟು ನಯವಾದ ಮರಳನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕಡಲೆಕಾಯಿ ಹುರಿಯುವ ಓಡಿಗೆ ಸುರಿದು ಒಲೆಯ ಮೇಲಿಟ್ಟಳು.

ಮುದ್ದಕ್ಕ ಓಡಿ ಬರುವ ಹೊತ್ತಿಗೆ ಹೊಗೆ ಹಿಡಿದ ಆ ಕತ್ತಲ ಅಡುಗೆಮನೆಯಲ್ಲಿ ಓಡಿನ ತುಂಬ ಹಸಿರು ಬೆಳಕು ಕುದಿಯುತ್ತಿತ್ತು. ಅಜ್ಜಿ ಸೌಟು ಕೆಳಗಿಟ್ಟು ಕೈಮುಗಿದು ನಿಂತಿದ್ದಳು. "ಮಾರವ್ವ ಬಂದವ್ಳೆ ಕಣಮ್ಮ. ಕೈ ಮುಗೀಲೋ, ಕಾಯಿ ತಿರುವ್ಲೋ?" ಯಾವುದೆಂದು ತೀರ್ಮಾನಿಸುವ ಮೊದಲೇ ಬೆಳಕು ನೀಲಿಗೆ ತಿರುಗಿ, ಮಂಕಾಗಿ, ನಿಂತುಹೋಯಿತು. ಒಂದು ಸಲ ಚೆನ್ನಾಗಿ ಕಾದರೆ ಇದ್ದ ಬೆಳಕನ್ನೆಲ್ಲ ಸುರಿದುಬಿಡುತ್ತದೆ, ಆಮೇಲೆ ಎಷ್ಟು ಬಿಸಿ ಮಾಡಿದರೂ ಹೊಳೆಯುವುದಿಲ್ಲ ಎಂದು ಅವನೇ ಹೇಳಿದ್ದ.

ಮುದ್ದಕ್ಕ ಹುಣಿಸೆ ತೋಪಿಗೆ ಹೋಗಿ, ತಲೆ ತಗ್ಗಿಸಿ ವಿಷಯ ಹೇಳಿದಳು. ಅವನು ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನ ಮುಖದಲ್ಲಿ ಎಂಥದೋ ನೆಮ್ಮದಿ ಬಂತು. ಹಾಗಾದರೆ ಮತ್ತೆ ಮೊದಲಿನಿಂದ ಕುಟ್ಟಬೇಕು, ಇನ್ನೂ ಹದಿನೈದು ದಿನ ಹಿಡಿಯುತ್ತದೆ ಎಂದ. ಸೋಮವಾರ ನಾಡಿದ್ದು ಬಂತು, ಈ ಮಹಾರಾಯ ಹದಿನೈದು ದಿನದ ಲೆಕ್ಕ ಹಾಕುತ್ತಿದ್ದಾನೆ. ಮುದ್ದಕ್ಕನಿಗೆ ಆ ಸುತ್ತಿಗೆ ತೆಗೆದುಕೊಂಡು ಅವನ ನೆತ್ತಿಯನ್ನೇ ಪರೀಕ್ಷೆ ಮಾಡಬೇಕು ಅನ್ನಿಸಿತು.

ಭಾನುವಾರ ಬೆಳಿಗ್ಗೆ ಚಿತ್ರದುರ್ಗಕ್ಕೆ ಹೊರಟಿದ್ದ ಅವನ ಸಾಹೇಬರು ಕಾರನ್ನು ಇತ್ತ ತಿರುಗಿಸಿಕೊಂಡು ಬಂದರು. ಅಜ್ಜಿ ಆ ಮರಳಿನಲ್ಲೇ ಹುರಿದ ಕಡಲೆಕಾಯನ್ನು ಮೊರದಲ್ಲಿ ತಂದು ಮುಂದಿಟ್ಟಳು. ಮರಳು ಹಾಳಾದ ಸಂಗತಿಯನ್ನು ಓಬಳಯ್ಯ ತಡವರಿಸುತ್ತಾ ಹೇಳತೊಡಗಿದ. ಒಳಗಿದ್ದ ಮುದ್ದಕ್ಕ ಕಿಟಕಿಯ ಸರಳು ಹಿಡಿದು ನಿಂತಳು. ಇವತ್ತು ಇವನ ಕೆಲಸಕ್ಕೇ ಸಂಚಕಾರ, ಅದೂ ನಮ್ಮ ಮನೆಯ ಒಲೆಯಿಂದ.

ಸಾಹೇಬರು ಸಿಪ್ಪೆ ಬಿಡಿಸುತ್ತಾ ಕೇಳಿದರು. ಬೇಸತ್ತ ದನಿ ಅವರದು. "ಹಾಳಾದರೆ ಆಗಲಿ ಬಿಡಯ್ಯ. ನೀನು ಮೊದಲು ಕಳಿಸಿದ ತುಂಡನ್ನ ಅಂಗೈಲಿಟ್ಟು ಬೆಂಗಳೂರಲ್ಲೇ ನೋಡಿ ಆಯ್ತು. ಕೆಲಸ ಮುಗೀತು, ವಾಪಸ್ ಬಾ ಅಂತ ಹೇಳಿ ಕಳಿಸಿ ತಿಂಗಳಾಯ್ತು. ಇಲ್ಲಿ ಇನ್ನೂ ಯಾವ ಕಲ್ಲು ನೋಡ್ತಾ ಕೂತಿದ್ದೀಯ?"

ಓಬಳಯ್ಯ ಮೊರದ ಕಡಲೆಕಾಯನ್ನೇ ನೋಡತೊಡಗಿದ. ನಾಳೆ ಗುಡಾರ ಕಿತ್ತು ಚಿತ್ರದುರ್ಗಕ್ಕೆ ಬರಬೇಕು ಎಂದು ಹೇಳಿ, ಉಳಿದ ಕಡಲೆಕಾಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಸಾಹೇಬರು ಹೊರಟರು.

ಕಾರಿನ ಧೂಳು ಇಳಿಯುವ ಮೊದಲೇ ಮುದ್ದಕ್ಕ ಅವನ ಎದುರಿಗೆ ಇದ್ದಳು.

"ಮುಗಿದೋದ ಕೆಲಸಕ್ಕೆ ಒಂದು ತಿಂಗ್ಳು ನನ್ನ ಕೈಲಿ ಗಾಜು ಹಿಡಿಸಿದ್ರಾ?"

ಅವನು ಮೊದಲ ಸಲ ಗೋಡೆ ನೋಡಲಿಲ್ಲ. ನೆಟ್ಟಗೆ ಅವಳನ್ನೇ ನೋಡಿದ.

"ಗಾಜು ಹಿಡಿದಾಗ ನಿನ್ನ ಮುಖದ ಮೇಲೂ ಆ ಬೆಳಕು ಬೀಳ್ತಿತ್ತು," ಅಂದ. "ನಂದು ಗುಡಾರದ ಬಾಳು. ಇವತ್ತು ಇಲ್ಲಿ, ನಾಳೆ ಯಾವ ಬೆಟ್ಟವೋ. ಇಷ್ಟು ದೊಡ್ಡ ಮನೆ ಬಿಟ್ಟು ಬಾ ಅಂತ ಯಾವ ಬಾಯಲ್ಲಿ ಕೇಳ್ಲಿ?"

"ಇರೋದು ಒಂದೇ ಬಾಯಲ್ವಾ? ಅದ್ರಾಗೇ ಕೇಳಿ. ನಂಗಲ್ಲ, ನಮ್ಮಪ್ಪಂಗೆ. ಬಾವಿತಾವ ಅವ್ನೆ, ಈಗ್ಲೇ ಹೋಗಿ."

ಅವನು ಹೋದ. ಬುತ್ತಿ ಕಟ್ಟಿಕೊಂಡು ಮುದ್ದಕ್ಕ ಹಿಂದೆಯೇ ಹೊರಟಳು. ಬದುವಿನ ಮೇಲೆ ನಿಂತು ನೋಡಿದರೆ, ಬೊಮ್ಮಣ್ಣ ನೀರೆತ್ತುವ ಕಪಿಲೆಯ ಎತ್ತುಗಳ ಹಿಂದೆ ಇಳಿಜಾರಿನಲ್ಲಿ ಇಳಿಯುತ್ತಾನೆ, ಹತ್ತುತ್ತಾನೆ. ಓಬಳಯ್ಯನೂ ಜೊತೆಗೇ ಇಳಿಯುತ್ತಾನೆ, ಹತ್ತುತ್ತಾನೆ. ಕೈ ಮಾತ್ರ ಬಾವಿಯ ಕಡೆಗೇ ತೋರಿಸುತ್ತಿದೆ. ಬೆಣಚುಕಲ್ಲು, ಅದರ ಸಂದು, ಅದರ ವಯಸ್ಸು. ಮುದ್ದಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು. ಬದು ಇಳಿದು ಬಂದು ಬುತ್ತಿಯನ್ನು ಅಪ್ಪನ ಮುಂದೆ ಕುಕ್ಕಿದಳು.

"ಅಪ್ಪಾ, ಪಾವಗಡದೋರಿಗೆ ಬ್ಯಾಡ ಅಂತ ಹೇಳಿ ಕಳಿಸ್ಬುಡು. ಇವ್ರು ನನ್ನ ಕೇಳಾಕೆ ಬಂದವ್ರೆ. ಬಾಯಿ ಬರ್ತಾ ಇಲ್ಲ."

ಬೊಮ್ಮಣ್ಣ ಮಗಳ ಮುಖ ನೋಡಿದ, ಹುಡುಗನ ಮುಖ ನೋಡಿದ. "ಗೊತ್ತಾಯ್ತು ಕಣಮ್ಮ. ನನ್ನ ಬಾವಿ ವಿಚಾರ ನಂಗೇ ಮೂರು ಸಲ ಹೇಳವ್ನೆ. ನಾಕನೇ ಸಲಕ್ಕಾದ್ರೂ ಹೇಳ್ತಾನೇನೋ ಅಂತ ನಾನೂ ಕಾಯ್ತಾ ಇದ್ದೆ." ಆಮೇಲೆ ಮಗಳನ್ನು ಕೇಳಿದ. "ಗುಡಾರದಾಗೆ ಇದ್ದೀಯಾ?"

"ಇರ್ತೀನಿ."

"ಮಳೆ ಬಂದ್ರೆ?"

"ನೆನೀತೀವಿ."

ಬೊಮ್ಮಣ್ಣನ ಕಣ್ಣು ಒದ್ದೆಯಾಯಿತು. ಅದನ್ನು ಮರೆಸಲು ಅವನು ಓಬಳಯ್ಯನ ಕಡೆ ತಿರುಗಿದ. "ಏನಪ್ಪಾ, ನಿನ್ನ ಬಾಯಾಗೂ ಒಂದು ಮಾತು ಕೇಳಾನ."

ಓಬಳಯ್ಯ ಬಾಯಿ ತೆರೆದ, ಮುಚ್ಚಿದ. ಮುದ್ದಕ್ಕ ಆಕಾಶ ನೋಡಿದಳು. ಅಷ್ಟರಲ್ಲಿ ತಿಂಗಳಿನಿಂದ ಗಂಟಲಲ್ಲೇ ನಿಂತಿದ್ದ ಮಾತು ಒಮ್ಮೆಗೇ ಹೊರಗೆ ಬಿತ್ತು.

"ಮುದ್ದಕ್ಕನ್ನ ನಂಗೆ ಕೊಡಿ."

ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ, ಇಳಿಜಾರಿನ ಅರ್ಧದಲ್ಲಿದ್ದ ಎತ್ತುಗಳು ತಮಗೇ ಏನೋ ಹೇಳಿದರೆಂದು ನಿಂತುಬಿಟ್ಟವು. ಬೊಮ್ಮಣ್ಣ ಅವುಗಳನ್ನು ಹೊಡೆಯಲಿಲ್ಲ. ಹಗ್ಗ ಕೈಯಲ್ಲಿ ಹಿಡಿದುಕೊಂಡೇ, ತುಂಬಿದ ಚರ್ಮದ ಚೀಲದಿಂದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಾ, ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿ ಮುಗಿಸಲಿ ಎಂದು ಬೇರೆ ಕಡೆ ತಿರುಗಿ ನಿಂತ.